ನಾಳೆ ಉದ್ರಿ

ಗದಗಿನ ನಮ್ಮ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ತಂದೆಯವರ ಕಾಲದಿಂದಲೂ ತೂಗುತ್ತಿದೆ. ನಾಲ್ಕೇ ಪದಗಳು, ‘ಇಲ್ಲ’ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ, ಆದರೂ ಸಾಲ ಕೇಳಲು ಬಂದವರು ಅದನ್ನು ಓದಿ, ನಕ್ಕು, ಸುಮ್ಮನಾಗುತ್ತಾರೆ. ಇದನ್ನು ಮೊದಲು ಬರೆದ ಪುಣ್ಯಾತ್ಮನಿಗೆ ಯಾವ ಕವಿಗೋಷ್ಠಿಯಲ್ಲಿಯೂ ಶಾಲು ಹೊದಿಸಿರಲಾರರು. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಪದ್ಯ ಓದುತ್ತ ಕೂರುವ ನನ್ನನ್ನು ಕಂಡು, ಇವನು ಅಂಗಡಿ ಮುಳುಗಿಸುತ್ತಾನೆ ಎಂದು ನೆಂಟರು ಆತಂಕಪಟ್ಟಾಗಲೆಲ್ಲ ನಾನು ಆ ಫಲಕದತ್ತ ಕೈ ತೋರಿಸುತ್ತೇನೆ.

9ನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನನು ಧ್ವನಿಯೆಂದರೆ, ಅಂದರೆ ಮಾತು ನೇರವಾಗಿ ಹೇಳದೆ ಹೊಳೆಯಿಸುವ ಅರ್ಥವೆಂದರೆ, ಏನೆಂದು ತಿಳಿಸಲು ಪ್ರಾಕೃತ ಪದ್ಯವೊಂದನ್ನು ಎತ್ತಿಕೊಳ್ಳುತ್ತಾನೆ. ಗೋದಾವರಿಯ ದಡದ ಪೊದೆಗಳಲ್ಲಿ ನಲ್ಲನನ್ನು ಗುಟ್ಟಾಗಿ ಕಾಣುವ ಹೆಣ್ಣೊಬ್ಬಳು, ಆ ಕಡೆ ಸುಳಿಯುವ ಧಾರ್ಮಿಕನಿಗೆ, ಇನ್ನು ನಿಶ್ಚಿಂತೆಯಿಂದ ತಿರುಗಾಡಿ, ನಿಮ್ಮನ್ನು ಹೆದರಿಸುತ್ತಿದ್ದ ನಾಯಿಯನ್ನು ಇಲ್ಲಿಯ ಪೊದೆಯಲ್ಲಿರುವ ಸಿಂಹ ಕೊಂದುಹಾಕಿತು, ಎನ್ನುತ್ತಾಳೆ. ಮಾತಿನಲ್ಲಿರುವುದು ಆಹ್ವಾನ, ಧ್ವನಿಯಲ್ಲಿರುವುದು, ಇತ್ತ ಕಾಲಿಡಬೇಡ ಎಂಬುದು. ಇಪ್ಪತ್ತು ಸೀರೆ ಬಿಚ್ಚಿಸಿ ನೋಡಿದ ಮೇಲೆ ‘ಪ್ಯಾಟಿಗೆ ಹೋಗಿ ಬರತೇವ್ರಿ, ತಗದಿಡ್ರಿ’ ಎಂದವರ ಮಾತನ್ನು ನಂಬಿ ಆ ಸೀರೆಯನ್ನು ನಾಲ್ಕು ದಿನ ಬದಿಗಿಟ್ಟುಕೊಂಡು ಕಾದಿದ್ದ ನನಗೆ, ಈ ಪದ್ಯ ಕೊಟ್ಟ ತಿಳಿವನ್ನು ಯಾವ ವ್ಯಾಪಾರಸ್ಥರೂ ಕೊಟ್ಟಿರಲಿಲ್ಲ. ಹಾಗೆಯೇ, ‘ಬಣ್ಣ ಹೋಗೂದಿಲ್ಲ ಹೌದಲ್ರಿ?’ ಎಂದು ಮೂರು ಸಲ ಕೇಳುವವರು ಬಣ್ಣವನ್ನು ವಿಚಾರಿಸುತ್ತಿರುವುದಿಲ್ಲ. ಅವರ ಮನಸ್ಸು ಆಗಲೇ ಒಪ್ಪಿರುತ್ತದೆ, ತುಸು ಧೈರ್ಯ ಹೇಳುವವರು ಬೇಕಾಗಿರುತ್ತಾರೆ, ಅಷ್ಟೆ.

ಸರಕು ತರಿಸುವ ವಿಷಯದಲ್ಲಿ ನನ್ನ ಗುರು 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಗಂಡ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ ಅವಳು ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಕೇಳಿದಳು. ಹಬ್ಬದ ಮುಂಚೆ ಸೂರತ್ತಿನ ಸಗಟು ವ್ಯಾಪಾರಿ ಫೋನಿನಲ್ಲಿ, ಇನ್ನೂ ನೂರು ಸೀರೆ ಎತ್ತಿದರೆ ದರ ಇಳಿಸುತ್ತೇನೆ ಎಂದಾಗ ನನಗೆ ಆ ಪ್ರಶ್ನೆ ಕೇಳಿಸುತ್ತದೆ. ಒಂದು ವರ್ಷ ಕೇಳಿಸಿಯೂ ಕೇಳಿಸದಂತಿದ್ದೆ. ಆ ಗಂಟುಗಳು ಇಂದಿಗೂ ಅಟ್ಟದ ಮೇಲಿವೆ.

ಕಾವ್ಯದಿಂದ ನಷ್ಟವೇ ಇಲ್ಲವೆಂದು ಹೇಳಲಾರೆ. ಕಳೆದ ಶ್ರಾವಣದಲ್ಲಿ ಹಳ್ಳಿಯಿಂದ ಬಂದ ಹಿರಿಯ ಹೆಂಗಸೊಬ್ಬರು ಅಗ್ಗದ ಸೀರೆಗಳ ದರವನ್ನೇ ಒಂದೊಂದಾಗಿ ಕೇಳುತ್ತಿದ್ದರು; ಅವರ ಎಡಗೈ ಮಾತ್ರ ಮೊದಲು ಬಿಚ್ಚಿದ ಇಳಕಲ್ ಸೀರೆಯ ಸೆರಗಿನ ಮೇಲಿಂದ ಕದಲಿರಲಿಲ್ಲ. ಬಾಯಿಯ ಮಾತನ್ನಷ್ಟೇ ಕೇಳುವ ವ್ಯಾಪಾರಿಯಾಗಿದ್ದರೆ ಅಗ್ಗದ್ದೊಂದನ್ನು ಕಟ್ಟಿಕೊಟ್ಟು ನಗದು ಎಣಿಸಿಕೊಳ್ಳುತ್ತಿದ್ದೆ. ನಾನು ಇಳಕಲ್ ಸೀರೆಯನ್ನೇ ಮಡಿಸಿ ಮುಂದಿಟ್ಟು, ‘ತಗೊಂಡು ಹೋಗ್ರಿ ಅವ್ವಾರ, ರೊಕ್ಕ ದೀಪಾವಳಿಗೆ ಕೊಟ್ಟರಾತು’ ಎಂದೆ. ಅವರು ತಲೆಯೆತ್ತಿ ಫಲಕವನ್ನು ನಿಧಾನವಾಗಿ, ಅಕ್ಷರ ಕೂಡಿಸಿಕೊಂಡು ಓದಿದರು.

‘ಹಂಗಾರ ನಾನು ನಾಳೆ ಬರಬೇಕಲ್ರಿ?’ ಎಂದರು.