ಮಲ್ಲಿಗೆ ಐಸ್‌ಕ್ರೀಮಿಗೆ ಒಂದು ರಾತ್ರಿ ಬೇಕು

ಹೋದ ವಾರ ಕಾರವಾರದಲ್ಲಿ ಟ್ಯಾಗೋರ್ ಬೀಚಿನಿಂದ ಮನೆಗೆ ಬರುವಾಗ ಗೆಳತಿ ಒಂದು ಐಸ್‌ಕ್ರೀಂ ಅಂಗಡಿಗೆ ಕರೆದುಕೊಂಡು ಹೋದಳು. ಬೋರ್ಡಿನಲ್ಲಿ ಗುಲಾಬಿ, ಮಲ್ಲಿಗೆ, ಲ್ಯಾವೆಂಡರ್ ಅಂತ ಬರೆದಿತ್ತು. ನಾನು ಆಸೆಯಿಂದ ಮಲ್ಲಿಗೆಯದು ತಗೊಂಡೆ. ಮೊದಲ ಚಮಚಕ್ಕೇ ಬಾಯಲ್ಲಿ ಊದುಬತ್ತಿ ಹಚ್ಚಿಟ್ಟ ಹಾಗಾಯಿತು. ನೀರು ಕುಡಿದರೂ ಆ ವಾಸನೆ ಹೋಗಲಿಲ್ಲ. "ಇದಕ್ಕೆ ಹೂ ಹಾಕ್ತೀರಾ?" ಅಂತ ಕೇಳಿದೆ. "ಇಲ್ಲ ಮೇಡಂ, ಎಸೆನ್ಸ್" ಅಂದ ಅಲ್ಲಿನ ಹುಡುಗ. ಕೇಳಿದ್ದಕ್ಕೆ ನಿಜ ಹೇಳಿದ, ಅವನ ಮೇಲೆ ನನಗೆ ಸಿಟ್ಟಿಲ್ಲ.

ಬೇಜಾರಾಗಿದ್ದು ಗೆಳತಿಯ ಮಾತಿಗೆ. "ಹೂವಿನ ಐಸ್‌ಕ್ರೀಂ ಅಂದ್ರೆ ಇಷ್ಟೇ ಕಣೇ, ಸೋಪು ತಿಂದ ಹಾಗೆ. ಸುಮ್ನೆ ವೆನಿಲ್ಲಾ ತಗೋಬೇಕಿತ್ತು" ಅಂದಳು. ಅವಳು ಹೂವನ್ನು ತಿಂದೇ ಇರಲಿಲ್ಲ. ಆದರೂ ಹೂವಿಗೆ ಕೆಟ್ಟ ಹೆಸರು ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ ವೆನಿಲ್ಲಾದ ವಿಷಯಕ್ಕೇ ಬರುತ್ತೇನೆ. ನಾವು ಶಿರಸಿ ಕಡೆಯವರು. 2000ದ ನಂತರದ ನಾಲ್ಕೈದು ವರ್ಷ ನಮ್ಮ ಕಡೆ ಅಡಿಕೆ ತೋಟಗಳಲ್ಲಿ ವೆನಿಲ್ಲಾ ಬಳ್ಳಿ ಹಬ್ಬಿಸಿದ್ದು ನೆನಪಿದೆ ಅಲ್ವಾ? ಮಡಗಾಸ್ಕರ್‌ನಲ್ಲಿ 2000ನೇ ಇಸವಿಯಲ್ಲಿ ಚಂಡಮಾರುತ ಬಂದು ಅಲ್ಲಿನ ಬೆಳೆ ಹಾಳಾಗಿತ್ತು, ಇಲ್ಲಿ ದರ ಏರಿತ್ತು. ನನ್ನ ಚಿಕ್ಕಪ್ಪನೂ ಹಾಕಿದ್ದ. ಅದು ಆರ್ಕಿಡ್ ಜಾತಿಯ ಬಳ್ಳಿ. ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ನಮ್ಮ ಊರಿನ ಜೇನು ಅದಕ್ಕೆ ಪರಾಗಸ್ಪರ್ಶ ಮಾಡುವುದಿಲ್ಲ, ಮನುಷ್ಯರೇ ಮಾಡಬೇಕು. ಚಿಕ್ಕಪ್ಪ ಬೆಳಿಗ್ಗೆ ಆಸರಿ ಕುಡಿದು ತೋಟಕ್ಕೆ ಇಳಿಯುತ್ತಿದ್ದ. ಕೈಯಲ್ಲಿ ಚೂಪು ಮಾಡಿದ ಬಿದಿರು ಕಡ್ಡಿ. ಎಡಗೈಯಲ್ಲಿ ಹೂ ಹಿಡಿದು, ಒಳಗಿನ ಸಣ್ಣ ಪರದೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುತ್ತಿದ್ದ. ಒಂದು ಹೂವಿಗೆ ಒಂದು ಕೋಡು. ಆಮೇಲೆ ಅದು ಬಲಿಯಲು ಎಂಟೊಂಬತ್ತು ತಿಂಗಳು. ಈ ಉಪಾಯ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ. ವರ್ಷ 1841. ಜಗತ್ತಿನ ವೆನಿಲ್ಲಾ ಬಹುಪಾಲು ಇವತ್ತಿಗೂ ಅವನ ಕೈಚಳಕದಲ್ಲೇ ಬೆಳೆಯುತ್ತದೆ.

ದರ ಬಿದ್ದಾಗ ಚಿಕ್ಕಪ್ಪ ಬಳ್ಳಿ ಕಿತ್ತು ಹಾಕಿದ. ಆದರೆ ಆ ಬೆಳಗಿನ ಹೂವು ನನ್ನ ಕಣ್ಣಲ್ಲಿ ಹಾಗೇ ಇದೆ. ಹಾಗಾಗಿ ಯಾರಾದರೂ ವೆನಿಲ್ಲಾವನ್ನು "ಪ್ಲೇನ್" ಅಂದರೆ ನನಗೆ ನೋವಾಗುತ್ತದೆ. ಕೇಸರಿ ಪಿಸ್ತಾ ತಿನ್ನುವಾಗಲೂ ನಾವು ತಿನ್ನುವುದು ಹೂವಿನ ಎಳೆಯನ್ನೇ. ಪಾಯಸಕ್ಕೆ ಹಾಕುವ ಲವಂಗ ಅರಳದ ಮೊಗ್ಗು. ದಾಸವಾಳದ ತಂಬುಳಿ ಉಂಡು, ಬಾಳೆ ಹೂವಿನ ಪಲ್ಯ ತಿಂದು ಬೆಳೆದ ನಮಗೆ ಹೂವಿನ ಐಸ್‌ಕ್ರೀಂ ಯಾಕೆ ವಿಚಿತ್ರ ಅನ್ನಿಸಬೇಕು?

ಭಾನುವಾರ ಊರಿಗೆ ಹೋದೆ. ದೇವಿಮನೆ ಘಟ್ಟ ಹತ್ತುವಾಗಲೇ ತಲೆಯಲ್ಲಿ ಲೆಕ್ಕ ಶುರುವಾಗಿತ್ತು. ಮನೆಯ ಅಂಗಳದಲ್ಲಿ ಆಯಿ ಬೆಳೆಸಿದ ದುಂಡು ಮಲ್ಲಿಗೆ ಇದೆ, ಔಷಧಿ ಹೊಡೆಯದ್ದು. ಸಂಜೆ ಬುಟ್ಟಿ ಹಿಡಿದು ಹೊರಟಾಗ ಆಯಿ ಕೇಳಿದಳು, "ಮುಡ್ಕಂಬ ಹೂವ ತಿಂಬದನೇ ಕೂಸೇ?"

ಮೊದಲ ಸಲ ತಪ್ಪು ಮಾಡಿದೆ. ಕುದಿಯುವ ಹಾಲಿಗೇ ಹೂ ಹಾಕಿದೆ. ಐದೇ ನಿಮಿಷಕ್ಕೆ ಹೂವೆಲ್ಲ ಕಂದು ಬಣ್ಣಕ್ಕೆ ತಿರುಗಿತು. ಹಾಲಿಗೆ ಬೇಯಿಸಿದ ಸೊಪ್ಪಿನ ವಾಸನೆ, ಕೊನೆಯಲ್ಲಿ ಕಹಿ. ಅದನ್ನು ಬಿಟ್ಟು ಹೊಸದಾಗಿ ಶುರು ಮಾಡಿದೆ. ಅರ್ಧ ಲೀಟರ್ ಗಟ್ಟಿ ಹಾಲು ಕಾಯಿಸಿ, 100 ಗ್ರಾಂ ಸಕ್ಕರೆ ಹಾಕಿ, ಪೂರ್ತಿ ತಣಿಸಿದೆ. 200 ಮಿಲಿ ಕ್ರೀಂ ಸೇರಿಸಿದೆ. ರಾತ್ರಿ ಎಂಟರ ಸುಮಾರಿಗೆ ಮೊಗ್ಗು ಬಿರಿಯತೊಡಗಿದವು. ಮಲ್ಲಿಗೆಗೆ ಅದೊಂದು ಗುಣ ಇದೆ ನೋಡಿ, ಕೊಯ್ದ ಮೇಲೂ ರಾತ್ರಿಯೆಲ್ಲ ಪರಿಮಳ ಬಿಡುತ್ತಲೇ ಇರುತ್ತದೆ. ಹಸಿರು ತೊಟ್ಟು ಬಿಡಿಸಿದೆ, ಕಹಿ ಹೆಚ್ಚು ಇರುವುದು ಅಲ್ಲೇ. ಎಸಳನ್ನು ಹಾಲಿನಲ್ಲಿ ಮುಳುಗಿಸಿ, ಮುಚ್ಚಿ ಫ್ರಿಜ್‌ನಲ್ಲಿಟ್ಟೆ.

ಹೆಚ್ಚಿದ ಈರುಳ್ಳಿ ಪಕ್ಕ ಬೆಣ್ಣೆ ತೆರೆದಿಟ್ಟರೆ ಬೆಣ್ಣೆಯೂ ಈರುಳ್ಳಿ ನಾರುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಜಿಡ್ಡು ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅತ್ತರಿನ ಕೆಲಸದವರು ಮಲ್ಲಿಗೆಯ ಪರಿಮಳ ತೆಗೆಯಲು ಹಿಂದೆ ಕೊಬ್ಬಿನ ಮೇಲೆ ಹೂ ಹರಡುತ್ತಿದ್ದುದು ಇದೇ ಕಾರಣಕ್ಕೆ. ನೀರು ಹಾಲಿನಲ್ಲಿ ಮಾಡಿದರೆ ಅಷ್ಟು ಪರಿಮಳ ನಿಲ್ಲುವುದಿಲ್ಲ.

ಬೆಳಿಗ್ಗೆ ಸೋಸಿ ರುಚಿ ನೋಡಿದಾಗ ಸ್ವಲ್ಪ ಜಾಸ್ತಿಯೇ ಆಯಿತೇನೋ ಅನ್ನಿಸಿತು. ಆದರೆ ತಣ್ಣಗಿನ ನಾಲಿಗೆಗೆ ಸಿಹಿಯೂ ಕಡಿಮೆ ಗೊತ್ತಾಗುತ್ತದೆ, ಪರಿಮಳವೂ ಕಡಿಮೆ ಏಳುತ್ತದೆ. ಕರಗಿದ ಐಸ್‌ಕ್ರೀಂ ಕುಡಿದರೆ ಗಂಟಲು ಕಟ್ಟುವಷ್ಟು ಸಿಹಿ ಅನ್ನಿಸುವುದು ಅದಕ್ಕೇ. ಹಾಗಾಗಿ ಏನನ್ನೂ ಬೆರೆಸಿ ತಿಳಿಮಾಡದೆ, ಒಂದು ಚಿಟಿಕೆ ಉಪ್ಪು ಮಾತ್ರ ಹಾಕಿ ಫ್ರೀಜರ್‌ನಲ್ಲಿಟ್ಟೆ. ನಮ್ಮಲ್ಲಿ ಮಶೀನ್ ಇಲ್ಲ. ಮುಕ್ಕಾಲು ಗಂಟೆಗೊಮ್ಮೆ ಹೊರತೆಗೆದು, ಅಂಚಿನಲ್ಲಿ ಕಟ್ಟಿದ ಮಂಜನ್ನು ಒಡೆದು ಕಡೆದೆ. ನಾಲ್ಕು ಸಲ.

ತಿಂದಾಗ ಮೊದಲು ಬಂದಿದ್ದು ಬರೀ ಹಾಲಿನ ರುಚಿ. ಒಂದು ಕ್ಷಣ ಎಲ್ಲ ದಂಡ ಆಯಿತು ಅಂದುಕೊಂಡೆ. ನುಂಗಿ ಉಸಿರು ಬಿಟ್ಟ ಮೇಲೆ ಮೂಗಿನ ಹಿಂದಿನಿಂದ ಮಲ್ಲಿಗೆ ಬಂತು. ಸಂಜೆ ಅಂಗಳದಲ್ಲಿ ಗಿಡದ ಪಕ್ಕ ಹಾದುಹೋದರೆ ಬರುತ್ತದಲ್ಲ, ಅಷ್ಟೇ. ಹುಡುಕಿದರೆ ಇಲ್ಲ, ಸುಮ್ಮನಿದ್ದರೆ ಇದೆ. ಎಸೆನ್ಸ್‌ಗೆ ಈ ತಾಳ್ಮೆ ಇಲ್ಲ, ಬಾಗಿಲು ತೆಗೆಯುವ ಮೊದಲೇ ಒಳಗೆ ನುಗ್ಗುತ್ತದೆ. ನಾನು ಬೈಯುವುದು ಅದನ್ನೇ. ಹೊಸ ರುಚಿ ಮಾಡುವವರನ್ನಲ್ಲ.

ಹಾಗಂತ ಎಲ್ಲ ಹೂವೂ ಹೀಗಲ್ಲ. ದಾಸವಾಳಕ್ಕೆ ಪರಿಮಳವೇ ಇಲ್ಲ, ಅದರ ಕೆಲಸ ಬಣ್ಣ. ಶಂಖಪುಷ್ಪವೂ ಅಷ್ಟೇ. ನೀಲಿ ರಸಕ್ಕೆ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ, ಮಕ್ಕಳಿಗೆ ಖುಷಿ, ರುಚಿ ಮಾತ್ರ ನಿಂಬೆಯದೇ. ಗುಲಾಬಿಯಾದರೆ ಗುಲ್ಕಂದಿಗೆ ಹಾಕುವ ಪನ್ನೀರು ಗುಲಾಬಿಯೇ ಬೇಕು. ಹಾರಕ್ಕೆ ಬರುವ ದೊಡ್ಡ ಗುಲಾಬಿಯಲ್ಲಿ ಹೆಚ್ಚಿನವಕ್ಕೆ ವಾಸನೆಯಿಲ್ಲ, ಮೇಲಿಂದ ಔಷಧಿ ಬೇರೆ. ದಯವಿಟ್ಟು ಪೇಟೆಯ ಹೂ ತಂದು ಹಾಲಿಗೆ ಹಾಕಬೇಡಿ. ಗೊತ್ತಿಲ್ಲದ ಹೂವಂತೂ ಬೇಡವೇ ಬೇಡ. ಕಣಗಿಲೆ, ಉಮ್ಮತ್ತಿ, ಗೌರಿ ಹೂ ಮೂರೂ ವಿಷ, ಮೂರೂ ನಮ್ಮ ಬೇಲಿಯ ಸುತ್ತಮುತ್ತಲೇ ಇರುತ್ತವೆ.

ಹೂವಿನಾಚೆಗೂ ನಮ್ಮ ಜಿಲ್ಲೆಯಲ್ಲಿ ಎಷ್ಟಿದೆ! ಮುರುಗಲು, ಅಂದರೆ ಕೋಕಂ, ಅದರ ಹುಳಿಗೆ ಹಾಲು ಒಡೆಯುತ್ತದೆ, ಅದನ್ನು ಹಾಲಿಲ್ಲದೆ ಬೆಲ್ಲ, ಜೀರಿಗೆ ಹಾಕಿ ಮಂಜು ಮಾಡಬೇಕು. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು, ಅದರ ಹೆಸರು ಹಾಕಿದ ಐಸ್‌ಕ್ರೀಂ ನಾನು ಇನ್ನೂ ಯಾವ ಅಂಗಡಿಯಲ್ಲೂ ತಿಂದಿಲ್ಲ. ಎಲೆ ಅಡಿಕೆಯ ಕವಳ ಹಾಕದೆ ಊಟ ಮುಗಿಯದ ಊರು ನಮ್ಮದು, ವೀಳ್ಯದೆಲೆ ಐಸ್‌ಕ್ರೀಂ ನಮ್ಮವರೇ ಮಾಡಬಹುದಲ್ಲ? ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಂ ಅಂಗಡಿ ಶುರು ಮಾಡಿ, ಹಣ್ಣನ್ನೇ ಹಾಕಿ ಹೆಸರು ಮಾಡಿದರು. ಅವರ ಎಳನೀರು ಐಸ್‌ಕ್ರೀಂ ತಿಂದವರಿಗೆ ಅದರಲ್ಲಿನ ಎಳೆಗಾಯಿಯ ಚೂರು ಗೊತ್ತು. ಕರಾವಳಿಯ ಒಬ್ಬರು ಅಷ್ಟು ಮಾಡಿದ್ದಾರೆ.

ಕೊಳ್ಳುವಾಗ ಡಬ್ಬಿ ತಿರುಗಿಸಿ ಓದಿ. "ಫ್ರೋಜನ್ ಡೆಸರ್ಟ್" ಅಂತಿದ್ದರೆ ಅದರಲ್ಲಿ ಸಾಮಾನ್ಯವಾಗಿ ಹಾಲಿನ ಜಿಡ್ಡಿನ ಬದಲು ಸಸ್ಯದ ಎಣ್ಣೆ ಇರುತ್ತದೆ. ಬರೀ "ಐಸ್‌ಕ್ರೀಂ" ಅನ್ನಬೇಕಾದರೆ ನಮ್ಮ ದೇಶದ ನಿಯಮದಂತೆ ಹಾಲಿನ ಜಿಡ್ಡು ಕನಿಷ್ಠ ಶೇ. 10 ಇರಬೇಕು. ಪರಿಮಳ ಕೃತಕವೋ ಅಲ್ಲವೋ ಅನ್ನುವುದೂ ಅಲ್ಲೇ ಬರೆದಿರುತ್ತದೆ. ಬಿಡಿಯಾಗಿ ಕೊಡುವ ಅಂಗಡಿಯಲ್ಲಿ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಹೂ ಹಾಕಿದ್ದು ಸಿಗಬಹುದು.

ಆಯಿ ತಿಂದಳಾ ಅಂತ ಕೇಳುತ್ತೀರಿ. ಮೊದಲು ಬೇಡ ಅಂದಳು. ಆಮೇಲೆ ಚಮಚದ ತುದಿಯಲ್ಲಿ ಇಷ್ಟೇ ಇಷ್ಟು ತಗೊಂಡಳು. ಏನೂ ಹೇಳಲಿಲ್ಲ. ಬಟ್ಟಲು ಮುಂದೆ ಚಾಚಿ "ಇನ್ನೊಂಚೂರು ಹಾಕು" ಅಂದಳು. ನಿನ್ನೆ ರಾತ್ರಿ ಫೋನ್ ಮಾಡಿದ್ದೆ. ಗಿಡದಲ್ಲಿ ಮತ್ತೆ ಮೊಗ್ಗು ಬಂದಿದೆಯಂತೆ, ಈ ಶುಕ್ರವಾರ ದೇವರಿಗೆ ಅರ್ಧ ಇಟ್ಟು ಇನ್ನರ್ಧ ನನಗೆ ಎತ್ತಿಡುತ್ತಾಳಂತೆ. ಗೆಳತಿಗೂ ಹೇಳಿದ್ದೇನೆ, ಈ ಸಲ ಅವಳೂ ಬರುತ್ತಾಳೆ.