ಸರ್ಕಾರಿ ಕೃಪಾಪೋಷಿತ ಹವ್ಯಾಸಗಳು

ಐವತ್ತು ದಾಟಿದ ಗಂಡಸಿಗೆ ಸಕ್ಕರೆ ಕಾಯಿಲೆ ಬರದಿದ್ದರೂ ಅಭಿಪ್ರಾಯ ಬಂದೇ ಬರುತ್ತದೆ. ನನಗೆ ಎರಡೂ ಬಂದಿವೆ. ಸಕ್ಕರೆಗೆ ಮಾತ್ರೆ ಉಂಟು. ಅಭಿಪ್ರಾಯಕ್ಕೆ ಬಡಾವಣೆಯ ಪಾರ್ಕಿನ ಕಲ್ಲುಬೆಂಚು. ಒಂದು ಸುತ್ತು ನಡೆದು ಒಂದು ಗಂಟೆ ಕೂರುವುದಕ್ಕೆ ನಾವು ವಾಕಿಂಗ್ ಅನ್ನುತ್ತೇವೆ. ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದಬೇಕೋ ಮುಳುಗಿಸಬೇಕೋ ಎಂಬಲ್ಲಿಂದ ಹಿಡಿದು ಇಸ್ರೋ ಮುಂದೇನು ಮಾಡಬೇಕು ಎಂಬಲ್ಲಿಯವರೆಗೆ ಅಲ್ಲಿ ಇತ್ಯರ್ಥವಾಗದ ವಿಷಯವಿಲ್ಲ. (ಮುಳುಗಿಸಬೇಕು. ಇದರಲ್ಲಿ ಚರ್ಚೆಗೆ ಅವಕಾಶವಿಲ್ಲ.)

ನನ್ನ ಭಾವಮೈದ ಹಕ್ಕಿ ನೋಡಲು ಕ್ಯಾಮೆರಾ ಹೊತ್ತು ರಂಗನತಿಟ್ಟಿಗೆ ಹೋಗುತ್ತಾನೆ. ಪಾಪ, ಅಷ್ಟು ದೂರ. ಬೆಂಗಳೂರಿನಲ್ಲಿ ಇದ್ದೂ ಹವ್ಯಾಸ ಹುಡುಕಿಕೊಂಡು ಊರಾಚೆ ಹೋಗುವವನನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಇಲ್ಲಿ ಅದನ್ನು ಸರ್ಕಾರವೇ ಮನೆ ಬಾಗಿಲಿಗೆ ತಲುಪಿಸುತ್ತದೆ.

ನನ್ನ ಮುಖ್ಯ ಹವ್ಯಾಸ ವಾರ್ಡ್ ಎಣಿಸುವುದು. ಮಹಾನಗರ ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆಯಿತು, ಗೆದ್ದವರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಗ ವಾರ್ಡ್‌ಗಳು 198. ಊರು ಬೆಳೆದಿದೆ, ಇಷ್ಟು ಸಾಲದು ಎಂದು 2022ರಲ್ಲಿ 243 ಮಾಡಿದರು. ಸರ್ಕಾರ ಬದಲಾಯಿತು, 2023ರಲ್ಲಿ ಅದು 225ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಊರು ಎಲ್ಲಿ ಕುಗ್ಗಿತೆಂದು ನಾನೂ ನೋಡಿದೆ. ಫುಟ್‌ಪಾತ್ ಒಂದು ಬಿಟ್ಟರೆ ಮತ್ತೇನೂ ಕುಗ್ಗಿದಂತೆ ಕಾಣಲಿಲ್ಲ. 2025ರಲ್ಲಿ ಪಾಲಿಕೆಯನ್ನೇ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣವೆಂದು ಐದು ಹೋಳು ಮಾಡಿ, ಅವುಗಳ ತಲೆಯ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವನ್ನು ಕೂರಿಸಿ, ವಾರ್ಡ್‌ಗಳನ್ನು 369ಕ್ಕೆ ಏರಿಸಿದರು. ಇಷ್ಟೆಲ್ಲ ಏರಿಳಿತದ ನಡುವೆ, 2020ರಲ್ಲಿ ಅವಧಿ ಮುಗಿದಾಗಿನಿಂದ 2025 ಕಳೆಯುವವರೆಗೂ ಕದಲದೆ ನಿಂತದ್ದು ಕಾರ್ಪೊರೇಟರುಗಳ ಸಂಖ್ಯೆ. ಅದು ಸೊನ್ನೆ.

ಇದರಿಂದ ನನ್ನಂಥವನಿಗೆ ಲಾಭವೇ ಆಗಿದೆ. ಕಾರ್ಪೊರೇಟರ್ ಇದ್ದಿದ್ದರೆ ಅವರನ್ನೇ ಬೈದು ಸುಮ್ಮನಾಗುತ್ತಿದ್ದೆ. ಇಲ್ಲದ್ದರಿಂದ ಬೈಗುಳ ಉಳಿತಾಯವಾಗಿ, ಬಡ್ಡಿ ಸೇರಿ, ಅಭಿಪ್ರಾಯವಾಗಿ ಪರಿವರ್ತನೆಯಾಗಿದೆ.

ಎದುರು ಮನೆಯ ರಾಯರು ಬ್ಯಾಂಕಿನಿಂದ ನಿವೃತ್ತರಾದವರು. ವಾರ್ಡಿನ ನಕ್ಷೆ ಬಂದ ದಿನ ಅದನ್ನು ಪ್ರಿಂಟ್ ಹಾಕಿಸಿ ಬೆಂಚಿನ ಮೇಲೆ ಹರವಿದರು. ಅವರ ಓದಿನ ಪ್ರಕಾರ ಬೀದಿಯ ನಡುವೆಯೇ ಗೆರೆ ಹಾದಿತ್ತು: ನನ್ನ ಮನೆ ಒಂದು ವಾರ್ಡು, ಅವರದು ಇನ್ನೊಂದು.

“ಹಾಗಾದರೆ ನಡುವೆ ಇರೋ ಗುಂಡಿ ಯಾರದು ಸಾರ್?” ಎಂದರು.

ಪ್ರಶ್ನೆ ಗಂಭೀರವಾಗಿತ್ತು. ಗುಂಡಿ ಮುಕ್ಕಾಲು ಅವರ ಕಡೆಗಿದೆ, ಆದರೆ ನೀರು ನಿಲ್ಲುವುದು ನಮ್ಮ ಕಡೆ. ಬೆಳಗಾವಿಗಾಗಿ ‘ಮಹಾಜನ ವರದಿಯೇ ಅಂತಿಮ’ ಎಂದು ಕೂಗಿ ಗಂಟಲು ಪಳಗಿಸಿಕೊಂಡ ತಲೆಮಾರು ನಮ್ಮದು. ಒಂದು ಗುಂಡಿಯ ವಿಷಯದಲ್ಲಿ ಅಂಗುಲವನ್ನೂ ಬಿಟ್ಟುಕೊಡುವುದು ಸಾಧ್ಯವೇ? ಯಾರೂ ಬಿಟ್ಟುಕೊಡಲಿಲ್ಲ. ಗುಂಡಿ ಸುರಕ್ಷಿತವಾಗಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆಯ ಯೋಜನೆ ಬಂದ ಮೇಲೆ ರಾಯರು ಅದನ್ನು ಇನ್ನಷ್ಟು ಗೌರವದಿಂದ ನೋಡತೊಡಗಿದ್ದಾರೆ. ನಮ್ಮದು ಆ ಯೋಜನೆಯ ಮೊದಲ ಹಂತವಿರಬಹುದೆಂದು ಅವರ ಗುಮಾನಿ.

ಇನ್ನು ಉಳಿತಾಯ. ಬಾಕಿ ಇರುವ ಟ್ರಾಫಿಕ್ ದಂಡ ಕಟ್ಟುವವರಿಗೆ 2023ರ ಫೆಬ್ರವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರು. 2025ರ ಆಗಸ್ಟಿನಲ್ಲಿ ಮತ್ತೆ ಕೊಟ್ಟರು. ಆಷಾಢದ ಸೀರೆ ಸೇಲ್‌ನಂತೆ ಜನ ಮುಗಿಬಿದ್ದರು. ಸಿಗ್ನಲ್ ಹಾರಿದವನಿಗೆ ಆಫರ್ ಇದೆ, ಸಿಗ್ನಲ್ಲಿನಲ್ಲಿ ನಿಂತವನಿಗೆ ಹಿಂದಿನವನ ಹಾರನ್ ಇದೆ. ಈ ಬಗ್ಗೆ ನನ್ನ ಅಭಿಪ್ರಾಯ ಸಾಕಷ್ಟು ಉದ್ದವಾದ್ದರಿಂದ ಮನೆಯಲ್ಲಿ ಅದನ್ನು ಶುರು ಮಾಡುವುದಕ್ಕೆ ನಿಷೇಧವಿದೆ.

ಆದರೆ ನನ್ನನ್ನು ಮೂಕನನ್ನಾಗಿಸಿದ್ದು 2025ರ ಅಕ್ಟೋಬರ್ ಕೊನೆಯಲ್ಲಿ ಬಂದ ‘ಕಸ ಸುರಿಯುವ ಹಬ್ಬ’. ರಸ್ತೆಯಲ್ಲಿ ಕಸ ಎಸೆದವರ ಮನೆ ಪತ್ತೆ ಹಚ್ಚಿ, ಆಡಳಿತದವರೇ ಅವರ ಬಾಗಿಲಿಗೆ ಕಸ ತಂದು ಸುರಿಯುವುದು. ದೀಪಾವಳಿಗೂ ರಾಜ್ಯೋತ್ಸವಕ್ಕೂ ನಡುವೆ ಸುಮ್ಮನೆ ಬಿದ್ದಿದ್ದ ವಾರಕ್ಕೆ ಹೀಗೊಂದು ಕಳೆ ಬಂತು.

ನಮ್ಮನೆಯವಳು ಸುದ್ದಿ ಓದಿ, “ರೀ, ಇದಕ್ಕೆ ರಂಗೋಲಿ ಕಸ ಸುರಿಯೋಕೆ ಮುಂಚೆ ಹಾಕಬೇಕೋ, ಆಮೇಲೋ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಂಚಾಂಗದಲ್ಲೂ ಇರಲಿಲ್ಲ.

ಯೋಚಿಸಿದಷ್ಟೂ ಈ ನ್ಯಾಯ ಹಿಡಿಸುತ್ತಾ ಹೋಯಿತು. ಕಸಕ್ಕೆ ಮಾತ್ರ ಏಕೆ? ಮರುದಿನ ಬೆಂಚಿನಲ್ಲಿ ಮಂಡಿಸಿದೆ: “ಯಾರ ಸಹಿಯಿಂದ ರಸ್ತೆಯ ಬಿಲ್ ಪಾಸಾಯಿತೋ ಅವರ ಮನೆ ಮುಂದೆ ಆ ರಸ್ತೆಯ ಗುಂಡಿಯನ್ನು ಅದೇ ಅಳತೆಯಲ್ಲಿ ತೋಡಿ ಬರೋಣ. ಗುಂಡಿ ತೋಡುವ ಹಬ್ಬ.”

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು.

“ಬೇಡಿ ಸಾರ್. ತೋಡಿದ್ದಕ್ಕೆ ಒಂದು ಬಿಲ್ ಆಗುತ್ತೆ, ಮುಚ್ಚಿದ್ದಕ್ಕೆ ಇನ್ನೊಂದು ಆಗುತ್ತೆ. ಐಡಿಯಾ ಕೊಟ್ಟಿದ್ದಕ್ಕೆ ನಿಮ್ಮನ್ನ ಸಲಹೆಗಾರರು ಅಂತ ನೇಮಿಸಿಬಿಡ್ತಾರೆ. ಆಮೇಲೆ ಯಾವ ಬೆಂಚಲ್ಲಿ ಕೂತು ಬೈತೀರಿ?”