ಶಾಂತಿ ಸಿಗಲಿ, ಗ್ಯಾಸ್ ಆಫ್ ಮಾಡಿ

ನಮ್ಮನೇಲಿ ಒಂದು ಒಪ್ಪಂದ ಆಗಿದೆ. ನಾಲ್ಕನೇ ಕ್ಲಾಸಿನ ಮೊಮ್ಮಗಳು ನನಗೆ ಫೋನ್ ಕಲಿಸ್ಬೇಕು, ನಾನು ಅವಳಿಗೆ ಒತ್ತಕ್ಷರ ಕಲಿಸ್ಬೇಕು. ನನ್ನ ಕಡೆ ಪಾಠ ಸರಿಯಾಗೇ ನಡೀತಿದೆ. ಅವಳು ಮಾತ್ರ ಏನು ಕೇಳಿದ್ರೂ ಫೋನ್ ಕಿತ್ಕೊಂಡು, ಪಟಪಟ ನಾಲ್ಕು ಸಲ ಕುಟ್ಟಿ, "ಇಷ್ಟೇ ತಾತ" ಅಂತ ವಾಪಸ್ ಕೊಡ್ತಾಳೆ. ಏನು ಇಷ್ಟೇ? ನಾನೂ ಕಾಗುಣಿತ ಹಿಂಗೇ ಹೇಳ್ಕೊಟ್ಟಿದ್ರೆ ನೀನಿನ್ನೂ ತಲಕಟ್ಟಲ್ಲೇ ಇರ್ತಿದ್ದೆ ಕಣೇ.

ಟೈಪಿಂಗಲ್ಲೂ ಜಗಳ. 'ಸೂರ್ಯ' ಬರೆಯೋವಾಗ ಅರ್ಕಾವತ್ತು ಕೊನೇಲಿ ಬರತ್ತೆ, ಫೋನಲ್ಲಿ ರ ಯಾಕೆ ಮೊದ್ಲು ಒತ್ಬೇಕು ಅಂತ ಅವಳು, ಬಾಯಲ್ಲಿ ಹೇಳಿ ನೋಡು ಯಾವ್ದು ಮೊದ್ಲು ಬರತ್ತೆ ಅಂತ ನಾನು. ಆಫೀಸ್ ಕಂಪ್ಯೂಟರಲ್ಲಿ ವರ್ಷಗಟ್ಟಲೆ 'ನುಡಿ' ಸಾಫ್ಟ್‌ವೇರಲ್ಲಿ ಕನ್ನಡ ಕುಟ್ಟಿದೋನು ನಾನು, ಒತ್ತಿಗೆ 'ಎಫ್' ಕೀ ಅಂತ ಬೆರಳಿಗೇ ಗೊತ್ತು. ಈ ಫೋನಲ್ಲಿ ಆ ಎಫ್ಫೇ ಇಲ್ಲ. ನನ್ನ ಒದ್ದಾಟ ನೋಡಿ ಮೈಕ್ ತೋರಿಸಿದ್ಳು. "ಮಾತಾಡು ತಾತ, ಅದೇ ಬರ್ಕೊಳ್ಳತ್ತೆ. ಇಷ್ಟೇ."

ಹೋದ ತಿಂಗಳು ನಮ್ಮ ಸೋದರತ್ತೆ ಗಂಡ ತೀರ್ಕೊಂಡ್ರು. ಫ್ಯಾಮಿಲಿ ಗ್ರೂಪಿಗೆ ಏನಾದ್ರೂ ಹಾಕ್ಬೇಕಲ್ಲ, ಮೈಕ್ ಒತ್ತಿ ಗಂಭೀರವಾಗಿ ಹೇಳ್ದೆ, ಕನ್ನಡಕ ಇಲ್ದೇ ಕಳಿಸ್ದೆ. ಹೋಗಿದ್ದು ಇದು: "ಮಾವನವರ ಆತ್ಮಕ್ಕೆ ಶಾಂತಿ ಸಿಗಲಿ ರೀ ಹಾಲು ಉಕ್ತಾ ಇದೆ ಗ್ಯಾಸ್ ಆಫ್ ಮಾಡಿ ಕಿವಿ ಕೇಳಲ್ವಾ".

ಗಾಬರೀಲಿ ಡಿಲೀಟ್ ಒತ್ದೆ. ಅಲ್ಲ, ಡಿಲೀಟ್ ಫಾರ್ ಎವ್ರಿವನ್ನು, ಡಿಲೀಟ್ ಫಾರ್ ಮೀ ಎರಡನ್ನೂ ಒಂದರ ಕೆಳಗೊಂದು ಇಡೋದಾ? ನನ್ನ ಫೋನಲ್ಲಿ ಮಾತ್ರ ಮಾಯ ಆಯ್ತು, ಉಳಿದ 43 ಜನರ ಹತ್ರ ಭದ್ರವಾಗಿದೆ. ಕೆಳಗಡೆ ಅನ್‌ಡೂ ಅಂತ ಐದು ಸೆಕೆಂಡ್ ತೋರಿಸತ್ತಂತೆ. ಐದು ಸೆಕೆಂಡಲ್ಲಿ ನನಗೆ ಕನ್ನಡಕದ ಡಬ್ಬಿ ಕೂಡ ಸಿಗಲ್ಲ. ಮೊಮ್ಮಗಳನ್ನ ಕೂಗಿದ್ರೆ, ಬಂದು ನೋಡಿ, ಮೊದಲನೇ ಸಲ ಫೋನ್ ಕಿತ್ಕೊಳ್ದೇ ನಿಂತ್ಳು. "ಈಗ ಏನೂ ಮಾಡಕ್ಕಾಗಲ್ಲ ತಾತ." ಇಷ್ಟೇ ಅಂತಾನೂ ಅನ್ಲಿಲ್ಲ. ಅಷ್ಟರಲ್ಲಿ ಹಾಲೂ ಉಕ್ಕಿತ್ತು, ಅದರ ವಿಚಾರಣೆ ಬೇರೆ.

ಗ್ರೂಪಲ್ಲಿ ಒಬ್ರೂ ಮಾತಾಡ್ಲಿಲ್ಲ, ಎಲ್ರೂ ಕೈ ಮುಗಿದಿರೋ ಇಮೋಜಿ ಹಾಕಿ ಸುಮ್ಮನಾದ್ರು. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕ್ತಿದ್ದಿದ್ದು ಮಾವನೇ. ಅವ್ರಿದ್ದಿದ್ರೆ ಇದಕ್ಕೆ ಮೊದ್ಲು ನಗೋ ಮುಖ ಅವರದ್ದೇ ಬರ್ತಿತ್ತು.

ವೈಕುಂಠ ಸಮಾರಾಧನೆಗೆ ಹೋದಾಗ ಅತ್ತೆಗೆ ಮುಖ ತೋರಿಸೋದು ಹೇಗಪ್ಪಾ ಅಂತ ಕಂಬದ ಹಿಂದೆ ಕೂತಿದ್ದೆ. ಅವರೇ ಕೋಲೂರ್ಕೊಂಡು ಬಂದು, ಪಕ್ಕ ಕೂತು, ಮೆಲ್ಲಗೆ ಕೇಳಿದ್ರು. "ಹಾಲು ಉಳೀತೇನೋ?"